ಕೊಂಡಿಯ ಹಿಂದಿನ ಭಾರ

ಕಡಲೆಕಾಯಿ ಕೀಳುವ ಕಾಲದಲ್ಲಿ ಬಿ.ಜಿ. ಕೆರೆಯ ಹೆದ್ದಾರಿಯಲ್ಲಿ ನಿಂತು ನೋಡಿದರೆ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಬಳ್ಳಿ ಹೇರಿದ ಟ್ರೇಲರ್ ಒಂದು, ಮೇವು ಹೊತ್ತದ್ದು ಇನ್ನೊಂದು, ಕೂಲಿಯಾಳುಗಳನ್ನು ತುಂಬಿಕೊಂಡದ್ದು ಮತ್ತೊಂದು. ನಾಯಕನಹಟ್ಟಿಯ ತೇರಿಗೂ ಗೌರಸಮುದ್ರ ಮಾರಮ್ಮನ ಜಾತ್ರೆಗೂ ಇಡೀ ಕುಟುಂಬಗಳು ಟ್ರೇಲರ್ ಏರಿ ಹೊರಡುತ್ತವೆ. ಎತ್ತಿನ ಗಾಡಿ ಹೊಡೆಯಲು ಯಾರೂ ಪರವಾನಗಿ ಕೇಳಿರಲಿಲ್ಲ. ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದರೂ ಆ ಹಳೆಯ ರೂಢಿ ಮಾತ್ರ ಹಾಗೆಯೇ ಉಳಿದಿದೆ. ಮೀಸೆ ಮೂಡದ ಹುಡುಗರು ಸ್ಟಿಯರಿಂಗ್ ಹಿಡಿಯುವುದನ್ನು ಊರು ಹೆಮ್ಮೆಯಿಂದ ನೋಡುತ್ತದೆಯೇ ಹೊರತು ಆತಂಕದಿಂದಲ್ಲ.

ಕಾನೂನು ಹೇಳುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 3ನೆಯ ಕಲಮಿನಂತೆ ಸಾರ್ವಜನಿಕ ರಸ್ತೆಯಲ್ಲಿ ಚಾಲನಾ ಪರವಾನಗಿ ಇಲ್ಲದೆ ಯಾವ ಮೋಟಾರು ವಾಹನವನ್ನೂ ಓಡಿಸುವಂತಿಲ್ಲ. ಟ್ರ್ಯಾಕ್ಟರೂ ಮೋಟಾರು ವಾಹನವೇ. ಅದಕ್ಕೆ 18 ವರ್ಷ ತುಂಬಿರಬೇಕು. ಪರವಾನಗಿ ಇಲ್ಲದವನ ಕೈಗೆ ವಾಹನ ಕೊಡುವ ಮಾಲೀಕನೂ 5ನೆಯ ಕಲಮಿನಂತೆ ತಪ್ಪಿತಸ್ಥ. 2019ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೇ ಇಲ್ಲ.

ಟ್ರೇಲರ್ ವಿಷಯದಲ್ಲಿ ಕಾನೂನು ಅಷ್ಟು ನಿಷ್ಠುರವಾಗಿಲ್ಲ. ಪರವಾನಗಿಯ ವರ್ಗಗಳನ್ನು ಎಣಿಸುವ 10ನೆಯ ಕಲಮಿನಲ್ಲಿ ಟ್ರೇಲರ್ ಎಂಬ ಹೆಸರಿಲ್ಲ. ಟ್ರ್ಯಾಕ್ಟರ್ ಓಡಿಸಲು ಅರ್ಹನಾದವನು ಅದಕ್ಕೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲವೆಂದು ಕರ್ನಾಟಕದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕೆಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ದುಡಿದು ತಿನ್ನುವ ಚಾಲಕರಿಗೆ ಈ ತೀರ್ಪುಗಳು ಆಸರೆಯಾಗಿವೆ.

ಆದರೆ ನ್ಯಾಯಾಲಯ ಕೊಟ್ಟ ರಿಯಾಯಿತಿಯನ್ನು ಇಳಿಜಾರು ಕೊಡುವುದಿಲ್ಲ. ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರ್ ತನಗಿಂತ ಹೆಚ್ಚು ತೂಕದ ಕಲ್ಲನ್ನು ಎಳೆಯುತ್ತಿರುತ್ತದೆ. ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವೇ ಮುಂದಿನ ಯಂತ್ರವನ್ನು ನೂಕುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದವನಿಗೆ ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ಟ್ರ್ಯಾಕ್ಟರಿನ ಎಡಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ತಿರುಗಿಸಲು ಅನುಕೂಲ. ರಸ್ತೆಗಿಳಿಯುವ ಮುನ್ನ ಅವೆರಡನ್ನೂ ಜೋಡಿಸಿ ಬಂಧಿಸದಿದ್ದರೆ, ಒಂದನ್ನೇ ತುಳಿದ ಕ್ಷಣ ಬಂಡಿ ಪಕ್ಕಕ್ಕೆ ತಿರುಗುತ್ತದೆ. ಇಂಥ ಪಾಠಗಳನ್ನು ಕಾರಿನಲ್ಲಿ ಎಂಟು ಬರೆದು ಪರವಾನಗಿ ಪಡೆದವನಿಗೆ ಕಲಿಸುವವರು ಯಾರು?

ಯುರೋಪಿನಲ್ಲಿ ರಜೆಯ ಮೋಜಿಗೆ ಕಾರಿನ ಹಿಂದೆ ಮನೆಬಂಡಿ ಎಳೆಯುವವನಿಗೂ ತೂಕದ ಲೆಕ್ಕ ಉಂಟು. ಟ್ರೇಲರ್ 750 ಕಿಲೋ ಮೀರಿ, ಜೋಡಿಯ ಒಟ್ಟು ತೂಕ 3,500 ಕಿಲೋ ದಾಟಿದರೆ ಹೆಚ್ಚಿನ ತರಬೇತಿ ಅಥವಾ ಪರೀಕ್ಷೆ ಬೇಕಾಗುತ್ತದೆ. ಬ್ರಿಟನ್ ಮಾತ್ರ 2021ರ ಡಿಸೆಂಬರಿನಲ್ಲಿ ಪ್ರತ್ಯೇಕ ಪರೀಕ್ಷೆಯನ್ನು ಕೈಬಿಟ್ಟಿತು. ಪರೀಕ್ಷೆ ಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ನಡೆದಿದೆ. ಇಲ್ಲಿ ಆ ಚರ್ಚೆಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಟ್ರೇಲರ್ ಮೇಲೆ ಕುಳಿತವರದು. ಟ್ರ್ಯಾಕ್ಟರಿನ ಮೇಲೆ ಬೇರೆಯವರನ್ನು ಕೂರಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಹೇಳಿತ್ತು. ಬ್ರಿಜ್ ಮೋಹನ್ ಪ್ರಕರಣದಲ್ಲಿ ಟ್ರೇಲರ್‌ನಲ್ಲಿದ್ದ ಕೂಲಿಕಾರನಿಗಾದ ಗಾಯಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ನಿರ್ಣಯಿಸಿತು. ತನ್ನ ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ಆದೇಶಿಸಿದ್ದರಿಂದಷ್ಟೇ ಆ ಬಡವನಿಗೆ ಪರಿಹಾರ ದಕ್ಕಿತು. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡ ಸಣ್ಣ ರೈತನ ಮೇಲೆ ಅಂಥ ವಸೂಲಿ ಬಿದ್ದರೆ ಹೊಲವೇ ಹೋದೀತು.

ಬೆಟ್ಟ, ಹಳ್ಳಗಳ ಪ್ರಶ್ನೆಯೂ ಇದೇ ಕೊಂಡಿಗೆ ಸಿಕ್ಕಿಕೊಂಡಿದೆ. ನಿಯಮದ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಬೇಸಾಯಕ್ಕೆಂದು ನೋಂದಾಯಿಸಿದ ಅದೇ ಯಂತ್ರ ರಾತ್ರಿ ವೇದಾವತಿಯ ಮರಳಿಗೂ ಗುಡ್ಡದ ಕಲ್ಲಿಗೂ ಬಾಡಿಗೆಗೆ ಓಡಿದರೆ ವಿಮೆಯ ಷರತ್ತು ಮುರಿಯುತ್ತದೆ. ಅಕ್ರಮ ಗಣಿಗಾರಿಕೆಗೆ ಬಳಸಿದ ವಾಹನವನ್ನು 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಜಪ್ತಿ ಮಾಡಬಹುದು. ಸಿಕ್ಕಿಬೀಳುವವನು ಬಹುಪಾಲು ದಿನಗೂಲಿಯ ಚಾಲಕ. ಲಾಭ ಉಂಡವನು ಮನೆಯಲ್ಲಿರುತ್ತಾನೆ. ಯಾರು, ಯಾವ ವಾಹನವನ್ನು, ಯಾವ ಕೆಲಸಕ್ಕೆ ಓಡಿಸುತ್ತಿದ್ದಾರೆಂಬ ಲೆಕ್ಕ ಸರಿಯಾದರೆ ಬೆಟ್ಟದ ಲೆಕ್ಕವೂ ಅರ್ಧ ಸರಿಯಾದಂತೆ.

ದಂಡವೊಂದರಿಂದಲೇ ಇದು ತಿದ್ದಿಕೊಳ್ಳದು. ಜಿಲ್ಲಾ ಕೇಂದ್ರಕ್ಕೆ ಅಲೆದು ದಿನದ ಕೂಲಿ ಕಳೆದುಕೊಳ್ಳುವ ಯುವಕನು ಪರವಾನಗಿಯ ಗೋಜೇ ಬೇಡವೆಂದುಕೊಳ್ಳುವುದು ಸಹಜ. ಸಾರಿಗೆ ಇಲಾಖೆ ಹೋಬಳಿ ಮಟ್ಟದಲ್ಲಿ ಶಿಬಿರ ನಡೆಸಿ, ಭಾರ ಹೇರಿದ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನಲ್ಲೇ ಪರೀಕ್ಷೆ ಮಾಡಲಿ. ಪಂಚಾಯಿತಿಗಳು ಟ್ರೇಲರ್ ಹಿಂದೆ ಪ್ರತಿಫಲಕ, ನೋಂದಣಿ ಸಂಖ್ಯೆ ಇರುವುದನ್ನು ಗಮನಿಸಲಿ. ಜಾತ್ರೆಯ ದಿನಗಳಲ್ಲಿ ಸಾಕಷ್ಟು ಬಸ್ಸು ಬಿಟ್ಟರೆ ಟ್ರೇಲರ್ ಏರುವ ಅನಿವಾರ್ಯವೂ ತಗ್ಗುತ್ತದೆ. ಶಾಲಾ ಕಾಲೇಜಿನ ವಿದ್ಯಾರ್ಥಿಗಳು ಕೀಲಿಕೈ ಕೊಡುವ ಅಪ್ಪಂದಿರಿಗೆ 18 ತುಂಬಲಿ ಎಂದು ತಾವೇ ಹೇಳಬಲ್ಲರು.

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಹಿರಿಯರಿಗೆ ವಿಧೇಯತೆ, ಜೀವಿಗಳಲ್ಲಿ ದಯೆ ಇರಲೆಂದು ಬರೆಸಿ ಎರಡು ಸಾವಿರ ವರ್ಷಗಳು ದಾಟಿವೆ. ಆ ಬಂಡೆಯ ಊರಿನಲ್ಲಿ ಹಿರಿಯರೇ ಕಿರಿಯರ ಕೈಗೆ ಅಪಾಯವನ್ನು ಕೊಡಬಾರದು. ಟ್ರೇಲರ್ ಹೊರುವುದು ಕಡಲೆಬಳ್ಳಿಯನ್ನಷ್ಟೇ ಅಲ್ಲ, ಮನೆಮಂದಿಯ ಜೀವವನ್ನೂ ಸಹ.