ಚದರಡಿಯ ದರ, ಟೈಲ್ಸಿನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿನ ಪಟ್ಟಣಗಳಲ್ಲಿ ಬಟ್ಟೆ ಅಂಗಡಿ, ಕಛೇರಿ, ಸಭಾಂಗಣಗಳಿಗೆ ಫಾಲ್ಸ್ ಸೀಲಿಂಗ್ ಹಾಕಿಸುವುದು ಈಗ ಅಪರೂಪವಲ್ಲ. ಈ ಕೆಲಸದಲ್ಲಿ ದರವನ್ನು ಚದರಡಿಗೆ ಒಪ್ಪಿಕೊಳ್ಳುತ್ತಾರೆ. ಮಾಲು ಖರ್ಚಾಗುವುದಾದರೋ ಟೈಲ್ಸಿನ ಎಣಿಕೆಯಲ್ಲಿ. ಸಣ್ಣ ವ್ಯಾಪಾರಿಯ ಲಾಭ ಕರಗುವುದೂ, ಗಿರಾಕಿಯೊಡನೆ ಮನಸ್ತಾಪ ಹುಟ್ಟುವುದೂ ಈ ಅಂತರದಲ್ಲಿಯೇ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. 21 ಅಡಿ ಉದ್ದ, 15 ಅಡಿ ಅಗಲದ ಮಳಿಗೆಯ ವಿಸ್ತೀರ್ಣ 315 ಚದರಡಿ. 2 ಅಡಿ ಚೌಕದ ಟೈಲ್ 4 ಚದರಡಿ ಆವರಿಸುವುದರಿಂದ 79 ಟೈಲ್ಸ್ ಸಾಕೆಂದು ತೋರುತ್ತದೆ. ಆದರೆ ನುರಿತ ಕೆಲಸಗಾರನು ಗೋಡೆಯಿಂದ ಆರಂಭಿಸದೆ ಕೋಣೆಯ ನಡುಗೆರೆಯಿಂದ ಅಳೆಯುತ್ತಾನೆ. ಎದುರುಬದುರಿನ ಅಂಚುಗಳು ಸಮನಾಗಿ, ಯಾವ ತುಂಡೂ ಅರ್ಧ ಟೈಲಿಗಿಂತ ಕಿರಿದಾಗದಂತೆ ಹಂಚುತ್ತಾನೆ. ಹಾಗೆ ಹಂಚಿದಾಗ ಉದ್ದಕ್ಕೆ 9 ಪೂರ್ಣ ಟೈಲ್ಸ್, ಅಗಲಕ್ಕೆ 6 ಪೂರ್ಣ ಟೈಲ್ಸ್, ಪ್ರತಿ ಅಂಚಿನಲ್ಲಿ ಒಂದೂವರೆ ಅಡಿಯ ತುಂಡು ಬರುತ್ತವೆ. ಎಣಿಸಿದರೆ 11ಕ್ಕೆ 8ರಂತೆ 88 ಟೈಲ್ಸ್. ಕತ್ತರಿಸಿ ಉಳಿದ 6 ಅಂಗುಲದ ಪಟ್ಟಿಗಳು ಎಲ್ಲಿಯೂ ಕೂಡುವುದಿಲ್ಲ. ಹೆಚ್ಚಾದ 9 ಟೈಲ್ಸ್ ಎಂದರೆ ಶೇಕಡಾ 11ಕ್ಕೂ ಮೀರಿದ ಮಾಲು. ಸಾಗಣೆಯಲ್ಲಿ ಮೂಲೆ ಮುರಿದವು ಬೇರೆ.

ಕೈಕೆಲಸವೂ ಇಲ್ಲಿ ಹಣವೇ. ನಮ್ಮ ಕಟ್ಟಡಗಳ ಗೋಡೆಗಳು ನೇರವಾಗಿರುವುದು ವಿರಳವಾದ್ದರಿಂದ ಅಂಚಿನ ಪ್ರತಿಯೊಂದು ಜಾಗವನ್ನೂ ಬೇರೆಬೇರೆಯಾಗಿ ಅಳೆಯತಕ್ಕದ್ದು. ಖನಿಜ ನಾರಿನ ಟೈಲ್ಸನ್ನು ಮುಖ ಮೇಲಾಗಿರಿಸಿ, ಲೋಹದ ಪಟ್ಟಿಯ ಆಸರೆಯಲ್ಲಿ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಕೈ ಕೊಳೆಯಾಗಿದ್ದರೆ ಬಿಳಿಯ ಮುಖದ ಮೇಲೆ ಕಲೆ ನಿಲ್ಲುತ್ತದೆ. ಫ್ಯಾನನ್ನು ಎಂದಿಗೂ ಸೀಲಿಂಗಿನ ಚೌಕಟ್ಟಿಗೆ ತೂಗುಹಾಕದೆ ಮೇಲಿನ ಛಾವಣಿಗೇ ಬಿಗಿಯಬೇಕು. ತಗಡಿನ ಛಾವಣಿ ಸೋರುತ್ತಿದ್ದರೆ ಮೊದಲು ಅದರ ದುರಸ್ತಿ, ಅನಂತರ ಟೈಲ್ಸ್.

ಇನ್ನೊಂದು ಮಾತು. ರಂಧ್ರವಿಲ್ಲದ ಸಾದಾ ಜಿಪ್ಸಮ್ ಟೈಲ್ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ಅದನ್ನು ಅಕೌಸ್ಟಿಕ್ ಎಂದು ಮಾರುವುದು ವ್ಯಾಪಾರಧರ್ಮವಲ್ಲ. ಸಭಾಂಗಣದ ಮಾಲೀಕನು ದುಡ್ಡು ಕೊಡುವುದು ನೋಟಕ್ಕಲ್ಲ, ಮಾತು ಸ್ಪಷ್ಟವಾಗಿ ಕೇಳಲೆಂದು.

ಇನ್ನು ತೆರಿಗೆಯ ವಿಷಯ. ಕೇವಲ ಸರಕು ಮಾರುವವನಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ ರೂಪಾಯಿ. ಟೈಲ್ಸ್ ಕೊಟ್ಟು ತಾನೇ ಕೂಡಿಸಿಯೂ ಕೊಡುವವನ ಕೆಲಸ ಸಾಮಾನ್ಯವಾಗಿ ಕಾಮಗಾರಿ ಗುತ್ತಿಗೆಯಾಗುತ್ತದೆ; ಅದು ಸೇವೆ, ಮಿತಿ 20 ಲಕ್ಷ, ತೆರಿಗೆ ಶೇಕಡಾ 18. ಹಾರ್ಡ್‌ವೇರ್ ವ್ಯಾಪಾರಿಗಳು ಈ ವ್ಯತ್ಯಾಸವನ್ನು ಮೊದಲೇ ಅರಿತಿರುವುದು ಒಳಿತು. ಹಾಕಿಸಿಕೊಂಡ ಅಂಗಡಿಯವನೂ ಗಮನಿಸಬೇಕು: ಆ ವೆಚ್ಚವನ್ನು ಕಟ್ಟಡದ ಆಸ್ತಿಯೆಂದು ಬಂಡವಾಳದಲ್ಲಿ ತೋರಿಸಿದರೆ ಅದರ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ.

ಹಡಗಲಿಯ ಮಲ್ಲಿಗೆಯನ್ನು ಮೊಳದಲ್ಲಿ ಕೊಳ್ಳುವಾಗ ಮೊಳ ಯಾರದೆಂದು ನೋಡುತ್ತೇವೆ. ಸಾವಿರಾರು ರೂಪಾಯಿಯ ಸೀಲಿಂಗಿಗೆ ಅಷ್ಟು ಎಚ್ಚರ ಬೇಡವೇ? ನನ್ನ ಅಭಿಪ್ರಾಯದಲ್ಲಿ ಪ್ರತಿಯೊಂದು ಅಂದಾಜು ಪಟ್ಟಿಯಲ್ಲಿ ನಾಲ್ಕು ಅಂಶಗಳಿರಬೇಕು: ನಕ್ಷೆಯಂತೆ ಬೇಕಾದ ಟೈಲ್ಸಿನ ಸಂಖ್ಯೆ, ಟೈಲಿನ ಜಾತಿ, ಕತ್ತರಿಕೆಯ ನಷ್ಟ ಯಾರದು ಎಂಬುದು, ಕೂಲಿಯ ಮೊತ್ತ. ಉಳಿದ ಪೂರ್ಣ ಟೈಲ್ಸನ್ನು ಮುಂದಿನ ದುರಸ್ತಿಗಾಗಿ ಗಿರಾಕಿಗೇ ಒಪ್ಪಿಸಿ ಸಹಿ ಪಡೆಯುವುದು ಲೇಸು. ಕಾಗದದ ಮೇಲೆ ಅರ್ಧ ಗಂಟೆ ನಕ್ಷೆ ಎಳೆಯುವುದರಿಂದ ಖರ್ಚೇನೂ ಹೆಚ್ಚದು; ಎಳೆಯದಿದ್ದರೆ 9 ಟೈಲ್ಸಿನ ಬೆಲೆಯನ್ನು ಇಬ್ಬರಲ್ಲೊಬ್ಬರು ತೆರಲೇಬೇಕಾಗುತ್ತದೆ. ಸದಸ್ಯ ಮಿತ್ರರು ಈ ಕ್ರಮವನ್ನು ಮುಂದಿನ ಕೆಲಸದಿಂದಲೇ ಆರಂಭಿಸಲಿ.