ಲಸಿಕೆ ಬರಲಿ, ಜೊತೆಗೆ ಲೆಕ್ಕವೂ ಬರಲಿ

ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕಂಪನಿ ಸೇರಿ ರೂಪಿಸಿರುವ ಈ ಲಸಿಕೆ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ, ಮನುಷ್ಯರ ಮೇಲಿನ ಪ್ರಯೋಗದ ಮೊದಲ ಹಂತಕ್ಕೆ ಬಂದಿದೆ. ಸಂತೋಷದ ಸುದ್ದಿಯೇ. ಆದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಜನ ಲಸಿಕೆಯ ಮಾತು ಕೇಳುತ್ತಿರುವುದು ಇದು ಮೂರನೆಯ ಸಲ. ಎರಡನೆಯ ಸಲ ಆದದ್ದೇನು ಎಂದು ಅವರಿಗೆ ಈವರೆಗೆ ಯಾರೂ ಸರಿಯಾಗಿ ಹೇಳಿಲ್ಲ. ಅದನ್ನು ಹೇಳದೆ ಮತ್ತೊಮ್ಮೆ ತೋಳು ಚಾಚಿ ಎನ್ನುವ ಹಕ್ಕು ಸರ್ಕಾರಕ್ಕೂ ಇಲ್ಲ, ವಿಜ್ಞಾನಿಗಳಿಗೂ ಇಲ್ಲ ಎಂಬುದು ನನ್ನ ವಾದ.

ಮೊದಲನೆಯ ಸಲದ ಬಗ್ಗೆ ನನಗೆ ತಕರಾರಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ವೈರಸ್ಸನ್ನು ಬೇರ್ಪಡಿಸಿದರು. ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ ಎಂದು ಗೊತ್ತಾದಾಗ, ಆ ರೋಗಕ್ಕೆ ಇಲಿಯ ಮಿದುಳಿನಲ್ಲಿ ತಯಾರಿಸಿದ್ದ ಲಸಿಕೆಯನ್ನೇ ಇಲ್ಲಿಯವರಿಗೂ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದು ಪ್ರಕಟಿಸಿದರು. ಪ್ರಯತ್ನ ಸೋತಿತು, ಸೋತದ್ದು ದಾಖಲಾಯಿತು.

ಎರಡನೆಯ ಸಲ ಹೀಗಾಗಲಿಲ್ಲ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ 1990ರಿಂದ ಬಳಕೆಗೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ದನ, ಕುರಿ, ಕೋಳಿಗಳ ಲಸಿಕೆಗೆಂದು ಇರುವ ಸಂಸ್ಥೆಯ ಹೆಗಲಿಗೆ ಮಲೆನಾಡಿನ ಮನುಷ್ಯರ ಲಸಿಕೆಯೂ ಬಿತ್ತು. ಅಲ್ಲಿಯವರ ದುಡಿಮೆಯನ್ನು ನಾನು ಹಳಿಯುತ್ತಿಲ್ಲ. ಆ ಹೊಣೆ ಹೊರಲು ಬೇರೆ ಯಾರೂ ಮುಂದೆ ಬರಲಿಲ್ಲ ಎಂಬುದರಲ್ಲೇ ಈ ರೋಗಿಗಳಿಗೆ ನಮ್ಮ ವ್ಯವಸ್ಥೆ ಕೊಟ್ಟ ಬೆಲೆ ಎಷ್ಟೆಂದು ಕಾಣುತ್ತದೆ. ಮೊದಲ ವರ್ಷಗಳ ಕ್ಷೇತ್ರ ಅಧ್ಯಯನದಲ್ಲಿ ಒಂದು ಡೋಸಿಗೆ ಶೇ 79, ಎರಡು ಡೋಸಿಗೆ ಶೇ 93ರಷ್ಟು ರಕ್ಷಣೆ ಎಂಬ ಅಂಕಿ ಬಂತು. ಆಮೇಲೆ ಇಪ್ಪತ್ತು ವರ್ಷ ಆ ಅಂಕಿಯನ್ನೇ ಓದಲಾಯಿತು.

2013ರಲ್ಲಿ, 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನೇ ಜಾಲಾಡಿದ ಇನ್ನೊಂದು ಅಧ್ಯಯನ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಒಂದು ಡೋಸಿನಿಂದ ಪ್ರಯೋಜನವಿಲ್ಲ, ಎರಡು ಡೋಸಿಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಎಂದು ಅದು ಹೇಳಿತು. ಲಸಿಕೆ ಪಡೆದವರ ಪ್ರಮಾಣವೂ ಕಡಿಮೆಯಿತ್ತು. ಕಡಿಮೆಯಿರದೆ ಏನು? ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಲ್ಲಿ ಮೂರನೆಯದು, ಮತ್ತೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ಅಡಿಕೆ ಕೊಯ್ಯುವ ಕೊನೆಗೌಡ ಮರುದಿನ ಮರ ಹತ್ತಬೇಕು. ತೋಳು ಎತ್ತಲಾಗದಿದ್ದರೆ ಅವನ ಆ ದಿನದ ಕೂಲಿ ಹೋಯಿತು. ಆರೋಗ್ಯ ಇಲಾಖೆಯ ಕಡತ ಮಾತ್ರ ಇದನ್ನು ಜನರ ಅಸಹಕಾರ ಎಂದು ಕರೆಯಿತು.

ಲಸಿಕೆಯನ್ನು ನಿಲ್ಲಿಸಿದ್ದು 2022ರಲ್ಲಿ, ಪರಿಣಾಮ ಸಾಲದು ಎಂಬ ಕಾರಣಕ್ಕೆ. ಅಧ್ಯಯನ ಪ್ರಕಟವಾದ ಮೇಲೆ ಒಂಬತ್ತು ವರ್ಷ ಕಳೆದಿತ್ತು. ಈ ನಡುವೆ, 2018ರ ಕೊನೆಗೆ ಶುರುವಾಗಿ 2019ರವರೆಗೆ, ಸಾಗರ ತಾಲ್ಲೂಕಿನ ಅರಳಗೋಡು ಎಂಬ ಪುಟ್ಟ ಊರು ಕಾಯಿಲೆಯ ಇನ್ನೊಂದು ಹೆಸರೇ ಆಗಿಹೋಯಿತು. ಜ್ವರ ಬಂದವರನ್ನು ಹೊತ್ತ ಆಂಬ್ಯುಲೆನ್ಸ್‌ಗಳು ಮಣಿಪಾಲದ ಆಸ್ಪತ್ರೆಗೆ ಓಡಿದವು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರಿನವರ ಲೆಕ್ಕಕ್ಕೂ ತಾಳೆಯಾಗಲಿಲ್ಲ.

ಶೇ 62 ಎಂದರೆ ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ, ಅರೆಬರೆಯಾದರೂ ಲಸಿಕೆ ಇರಲಿ ಬಿಡಿ ಎಂದು ವಾದಿಸುವ ವೈದ್ಯರಿದ್ದಾರೆ. ತಳ್ಳಿಹಾಕುವಂಥ ವಾದವಲ್ಲ ಅದು. ಆದರೆ ಅರೆಬರೆ ರಕ್ಷಣೆ ಕೊಡುವವರು ಅರೆಬರೆ ಎಂದು ಹೇಳಿಯೇ ಕೊಡಬೇಕು. ಸೂಜಿ ಹಾಕಿಸಿಕೊಂಡೆ, ಇನ್ನೇನು ಭಯ ಎಂದು ಉಣುಗು ದೂರವಿಡುವ ಎಣ್ಣೆ ಹಚ್ಚದೆ ಸೊಪ್ಪಿನಬೆಟ್ಟಕ್ಕೆ ಹೋದವರಿಗೆ ಆ ಮಾತು ಹೇಳಿದವರು ಯಾರು? ಇನ್ನು ನಿಲ್ಲಿಸಿದ್ದು ಸರಿ ಎಂದಾದರೆ, ಬದಲಿಗೆ ಏನನ್ನೂ ಸಿದ್ಧಮಾಡದೆ ಅಷ್ಟು ಕಾಲ ಕೈಕಟ್ಟಿ ಕುಳಿತದ್ದಕ್ಕೆ ಹೊಣೆ ಯಾರು? 2024ರ ಆರಂಭದಲ್ಲಿ ಹೊಸನಗರ, ಶೃಂಗೇರಿಯ ಕಡೆಯಿಂದ ಸಾವಿನ ಸುದ್ದಿ ಬಂತು. ಆ ವರ್ಷ ಸಿದ್ದಾಪುರ ತಾಲ್ಲೂಕು ಬಹಳ ನರಳಿತು. ಬೆಂಗಳೂರಿನಲ್ಲಿ ಸಭೆಗಳು ನಡೆದು ಹೊಸ ಲಸಿಕೆಯ ಮಾತು ಬಿರುಸಾದದ್ದು ಆಗ.

ವಿಜ್ಞಾನ ಅಷ್ಟು ಕಠಿಣವಾಗಿತ್ತೇ, ಅದಕ್ಕೇ ತಡವಾಯಿತೇ ಎಂದು ಕೇಳುವವರು ಆಸ್ಟ್ರಿಯಾ ನೋಡಲಿ. ಅಲ್ಲಿಯ ಕಾಡುಗಳಲ್ಲೂ ಉಣುಗಿನಿಂದ ಹರಡುವ, ನಮ್ಮ ಕಾಯಿಲೆಗೆ ಹತ್ತಿರದ ನೆಂಟನಾದ ವೈರಸ್ ಇದೆ. ಅದಕ್ಕೆ 1970ರ ದಶಕದಲ್ಲೇ ಲಸಿಕೆ ತಯಾರಾಯಿತು, 1981ರಿಂದ ಇಡೀ ದೇಶದಲ್ಲಿ ಅಭಿಯಾನ ನಡೆಯಿತು. ವರ್ಷಕ್ಕೆ ನೂರಾರು ಇದ್ದ ಪ್ರಕರಣಗಳು ನೂರರ ಆಸುಪಾಸಿಗೆ ಇಳಿದವು. ಕೊಂದ ವೈರಸ್, ಕೋಳಿ ಭ್ರೂಣದ ಕೋಶ, ಫಾರ್ಮಲಿನ್: ವಿಧಾನವೂ ಹೆಚ್ಚುಕಡಿಮೆ ನಮ್ಮದೇ. ಅಲ್ಲಿ ಕಾಡಿಗೆ ಹೋಗುವವರಲ್ಲಿ ರಜೆ ಕಳೆಯಲು ಬರುವ ಪ್ರವಾಸಿಗಳೂ ಇದ್ದರು, ಕಾಸು ಕೊಟ್ಟು ಲಸಿಕೆ ಕೊಳ್ಳುವವರಿದ್ದರು. ಇಲ್ಲಿ ಕಾಡಿಗೆ ಹೋಗುವವರು ದರಕು (ಒಣಗಿದೆಲೆ) ಗುಡಿಸಲು, ಸೌದೆ ತರಲು, ದನ ಮೇಯಿಸಲು ಹೋಗುವವರು. ಅವರ ಸಂಖ್ಯೆಯೂ ಕಡಿಮೆ, ಜೇಬೂ ಹಗುರ. ಕಂಪನಿಗಳು ಲಾಭದ ದಾರಿ ನೋಡುವುದು ಸಹಜ. ಅಂಥಲ್ಲೇ ಸರ್ಕಾರ ಬೇಕಾಗುವುದು. ನಮ್ಮ ಸರ್ಕಾರಗಳು, ಯಾವ ಪಕ್ಷದ್ದೇ ಆಗಲಿ, ಪ್ರತಿ ಚಳಿಗಾಲ ಗಾಬರಿಯಾಗಿ ಪ್ರತಿ ಮಳೆಗಾಲ ಮರೆತವು.

ನವೆಂಬರಿನಿಂದ ಮೇ ತಿಂಗಳ ತನಕ ಕೇಳಿಬರುವ ಉಪದೇಶವೊಂದಿದೆ: ಕಾಡಿಗೆ ಹೋಗಬೇಡಿ. ಈ ಉಪದೇಶದ ಕರಪತ್ರ ಬರೆದವರು ಮಲೆನಾಡಿನ ಒಂದು ವರ್ಷವನ್ನಾದರೂ ಕಂಡಿದ್ದಾರೆಯೇ ಎಂದು ನನಗೆ ಅನುಮಾನ. ಉಣುಗಿನ ಮರಿಗಳು ಹೆಚ್ಚುವ ತಿಂಗಳುಗಳೇ ಅಡಿಕೆ ಕೊಯ್ಲಿನ ತಿಂಗಳುಗಳು, ಕೊಟ್ಟಿಗೆಗೆ ಒಣಗಿದೆಲೆ ತುಂಬುವ ತಿಂಗಳುಗಳು. ಸೊಪ್ಪಿನಬೆಟ್ಟವಿಲ್ಲದೆ ತೋಟವಿಲ್ಲ. ಹಲವು ಮನೆಗಳಿಗೆ ಕಾಡು ಹಿತ್ತಲಿನಿಂದಲೇ ಶುರುವಾಗುತ್ತದೆ, ಮಂಗ ಸತ್ತು ಬೀಳುವುದು ತೋಟದೊಳಗೇ. ಡೇಪಾ ಎಣ್ಣೆ ಹಚ್ಚಿಕೊಳ್ಳಿ ಎನ್ನುವುದು ಒಳ್ಳೆಯ ಸಲಹೆ. ಆದರೆ ಎಣ್ಣೆಯ ಬಾಟಲಿ ಮೊದಲ ಜ್ವರಕ್ಕಿಂತ ಮುಂಚೆ ಬರಬೇಕು. ಅದನ್ನು ಮನೆಮನೆಗೆ ಹಂಚುವ ಆಶಾ ಕಾರ್ಯಕರ್ತೆಯೂ ಅದೇ ಕಾಡಿನ ದಾರಿಯಲ್ಲಿ ನಡೆದು ಬರುವವಳು, ಅವಳಿಗೆ ಸಿಗುವುದು ಗೌರವಧನ. ರೋಗ ಬಂದಾಗ ಜನರ ಅಜ್ಞಾನ ಎನ್ನುವುದು, ಹೋದಾಗ ಇಲಾಖೆಯ ಸಾಧನೆ ಎನ್ನುವುದು, ಈ ಚಾಳಿ ಬಿಡಬೇಕು.

ನಮ್ಮ ಕಡೆಯವರಿಗೂ ಎರಡು ಮಾತು ಹೇಳಬೇಕು. ಇದು ಅಮೆರಿಕದವರು ತಂದು ಬಿಟ್ಟ ರೋಗ ಎಂಬ ಕಥೆ ಮಲೆನಾಡಿನ ಚಾವಡಿಗಳಲ್ಲಿ ಅರ್ಧ ಶತಮಾನದಿಂದ ಓಡಾಡುತ್ತಿದೆ. ಕಥೆಗೆ ಬೇರು ಇಲ್ಲದಿಲ್ಲ. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ವೈರಸ್ ಹೊತ್ತು ತಂದವೇ ಎಂಬ ಅನುಮಾನ ಆರಂಭದಲ್ಲಿ ವಿಜ್ಞಾನಿಗಳಿಗೇ ಇತ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕ ಸೇನೆಯ ಯೋಜನೆಯೊಂದರ ನಂಟಿತ್ತು. 1974ರಲ್ಲಿ ಅದು ಪತ್ರಿಕೆಗಳಲ್ಲಿ ಬಯಲಾಗಿ, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾದ ವರದಿ ಕೊಟ್ಟಿತು. ಮುಚ್ಚುಮರೆ ಮಾಡಿದ್ದು ತಪ್ಪೇ. ಹಾಗೆಂದು ವೈರಸ್ಸನ್ನು ತಂದು ಬಿಟ್ಟರು ಎಂಬುದಕ್ಕೆ ಸಾಕ್ಷಿಯಿಲ್ಲ. ಇವತ್ತು ಈ ಕಥೆಯನ್ನು ಮೊಬೈಲಿನಲ್ಲಿ ಹಂಚುವವರು ಗೊತ್ತಿಲ್ಲದೆಯೇ ಅಧಿಕಾರಿಗಳಿಗೆ ಉಪಕಾರ ಮಾಡುತ್ತಿದ್ದಾರೆ. ತಪ್ಪೆಲ್ಲ ಎಲ್ಲೋ ದೂರದ ಶತ್ರುವಿನದಾದರೆ ಶಿವಮೊಗ್ಗದ ಕಚೇರಿಯಲ್ಲಿ, ವಿಧಾನಸೌಧದಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ.

ಉತ್ತರ ಕೊಡದೆ ತಪ್ಪಿಸಿಕೊಂಡ ಪ್ರಶ್ನೆಗಳಲ್ಲಿ ದೊಡ್ಡದು ಕಾಡಿನದು. ಸಾಗರದ ಸುತ್ತಮುತ್ತ ವರ್ಷಗಟ್ಟಲೆ ಅಲೆದ ವಿಜ್ಞಾನಿ ಹೋರ್ಹೆ ಬೋಶೆಲ್, 1969ರಷ್ಟು ಹಿಂದೆಯೇ ಒಂದು ವಿವರಣೆ ಕೊಟ್ಟಿದ್ದ. ವೈರಸ್ ಕಾಡಿನ ಸಣ್ಣ ಪ್ರಾಣಿ ಮತ್ತು ಉಣುಗುಗಳ ನಡುವೆ ಹಳೆಯ ಕಾಲದಿಂದ ಇದ್ದಿರಬಹುದು. ಮನುಷ್ಯ ಕಾಡನ್ನು ತುಂಡುತುಂಡಾಗಿ ಕಡಿದು ಗದ್ದೆ, ತೋಟ ಮಾಡಿದ, ಅಂಚಿನಲ್ಲಿ ದನ ಮೇಯಿಸಿದ. ದೊಡ್ಡ ಉಣುಗಿಗೆ ದನದ ಮೈಯಲ್ಲಿ ಹೇರಳ ರಕ್ತ ಸಿಕ್ಕಿ ಅದರ ಸಂತತಿ ಬೆಳೆಯಿತು. ಸದ್ದಿಲ್ಲದೆ ಇದ್ದ ರೋಗ ಹೊರಗೆ ಬಂತು. 1983ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೇ, ಈ ಕಾಯಿಲೆಯ ಚರಿತ್ರೆಯಲ್ಲೇ ಭೀಕರವಾದ ಸ್ಫೋಟವಾಯಿತು. ಸಾವಿರದೈನೂರಕ್ಕೂ ಹೆಚ್ಚು ಜನ ಮಲಗಿದರು, ನೂರೈವತ್ತರಷ್ಟು ಜನ ಸತ್ತರು. 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಮಾಡಿದ ಅಪಾಯದ ನಕಾಶೆಯೂ ಅದೇ ದಿಕ್ಕಿಗೆ ಬೊಟ್ಟು ಮಾಡಿತು: ಕಾಡು, ತೋಟ, ಗದ್ದೆ ಹೆಣೆದುಕೊಂಡಿರುವ, ದನಗಳೂ ಹೆಚ್ಚಿರುವ ಕಡೆ ಅಪಾಯ ಹೆಚ್ಚು. 2012ರಿಂದ ಈಚೆಗೆ ಕಾಯಿಲೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ. ಗೋವಾದಲ್ಲಿಯೂ ಅದಕ್ಕೆ ಸಿಕ್ಕಿದವರಲ್ಲಿ ಗೇರು ತೋಪಿನ ಕೂಲಿಗಳಿದ್ದರು.

ಇದನ್ನು ಓದಿ ಯಾರಾದರೂ ಹಾಗಾದರೆ ದನ ಸಾಕುವವರನ್ನು ಒಕ್ಕಲೆಬ್ಬಿಸಿ ಎಂದರೆ ನನ್ನ ಜಗಳ ಅವರೊಂದಿಗೂ ಇದೆ. ಮಲೆನಾಡಿನ ಕಾಡನ್ನು ತುಂಡರಿಸಿದ್ದರಲ್ಲಿ ನಾಲ್ಕು ದನ ಕಟ್ಟಿದವನ ಪಾಲೆಷ್ಟು, ಅಣೆಕಟ್ಟು, ರಸ್ತೆ, ಅಕೇಶಿಯಾ ನೆಡುತೋಪುಗಳ ಪಾಲೆಷ್ಟು ಎಂದು ಮೊದಲು ಅಳೆಯೋಣ. ಎರಡು ಸಾವಿರ ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವಿನ ಕಾಡಿಗೆ ಯಂತ್ರ ಇಳಿಸುವ ಮಾತಿದೆ. ಅಲ್ಲಿನ ಸಿಂಗಳೀಕಗಳ ಗತಿಯ ಬಗ್ಗೆ ಚರ್ಚೆಯಾಗುತ್ತಿದೆ, ಆಗಲೇಬೇಕು. ಆದರೆ ಆ ಕಾಡು ಮಂಗನ ಕಾಯಿಲೆಯ ಸೀಮೆಯೂ ಹೌದು. ಕಾಡು ಸೀಳಿದ ಮೇಲೆ ಉಣುಗು, ಮಂಗ, ದನ, ಮನುಷ್ಯ ಹೇಗೆ ಎದುರುಬದುರಾಗುತ್ತವೆ, ಅಲ್ಲಿ ದುಡಿಯಲು ಹೊರಗಿನಿಂದ ಬರುವ ಸಾವಿರಾರು ಕಾರ್ಮಿಕರನ್ನು ಯಾರು ಕಾಯುತ್ತಾರೆ ಎಂಬುದಕ್ಕೆ ಯೋಜನೆಯ ಕಾಗದಗಳಲ್ಲಿ ನೇರವಾದ ಅಧ್ಯಾಯವೊಂದಿರಬೇಕು. ಒಂದು ಇಲಾಖೆ ಲಸಿಕೆಗೆ ಖರ್ಚು ಮಾಡುವುದು, ಇನ್ನೊಂದು ಇಲಾಖೆ ಕಾಯಿಲೆಗೆ ಬಾಗಿಲು ತೆರೆಯುವುದು ಯಾವ ಲೆಕ್ಕ?

ಹೊಸ ಲಸಿಕೆಗೆ ನಾನು ವಿರೋಧಿಯಲ್ಲ. ಮೊದಲ ದಿನವೇ ಅದನ್ನು ಹಾಕಿಸಿಕೊಳ್ಳಿ ಎಂದು ಊರವರಿಗೆ ಹೇಳುವ ಆಸೆ ನನಗಿದೆ. ಹಾಗೆ ಹೇಳಲು ಧೈರ್ಯ ಬರಬೇಕಾದರೆ ಕೆಲವು ಮಾಹಿತಿ ಕೈಗೆ ಸಿಗಬೇಕು. ಹಳೆಯ ಲಸಿಕೆಯ ಪ್ರತಿ ಬ್ಯಾಚಿನ ಸಾಮರ್ಥ್ಯ ಪರೀಕ್ಷೆಯ ಫಲಿತಾಂಶವನ್ನು, ಎಷ್ಟೇ ಮುಜುಗರದ್ದಾಗಿರಲಿ, ಪ್ರಕಟಿಸಬೇಕು. ಹೊಸದರ ಪ್ರಯೋಗದ ಪ್ರತಿ ಹಂತದ ಫಲಿತಾಂಶ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಓದಲು ಸಿಗಬೇಕು. ಮಂಗ ಸತ್ತ ಸುದ್ದಿ ಕೊಟ್ಟವರಿಗೆ ಪರೀಕ್ಷೆಯಲ್ಲಿ ಏನು ಬಂತು ಎಂಬ ಉತ್ತರ ಮರಳಿ ಬರಬೇಕು.

ಇವೆಲ್ಲಕ್ಕಿಂತ ಗಟ್ಟಿಯಾದ ಸಮಸ್ಯೆ ಇನ್ನೊಂದಿದೆ, ಅದನ್ನು ಸಭೆಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ವರ್ಷಕ್ಕೆ ಕೆಲವು ನೂರು ಜನರಿಗೆ, ಅದೂ ಪ್ರತಿ ವರ್ಷ ಬೇರೆ ಬೇರೆ ಹಳ್ಳಿಗಳಲ್ಲಿ ಬರುವ ಕಾಯಿಲೆಗೆ, ಲಸಿಕೆ ಪಡೆದವರು ಪಡೆಯದವರು ಎಂದು ಎರಡು ಗುಂಪು ಮಾಡಿ ರಕ್ಷಣೆ ಅಳೆಯುವ ದೊಡ್ಡ ಪ್ರಯೋಗ ನಡೆಸುವುದು ಬಹಳ ಕಷ್ಟ. ಹಾಗಾಗಿ ರಕ್ತದಲ್ಲಿ ಪ್ರತಿಕಾಯ ಎಷ್ಟು ಹುಟ್ಟಿತು ಎಂಬುದನ್ನು ನೋಡಿಯೇ ಅನುಮತಿ ಕೊಡುವ ಸಂಭವ ಹೆಚ್ಚು. ಅದು ತಪ್ಪಲ್ಲ, ಇಂಥ ರೋಗಗಳಿಗೆ ಬೇರೆ ದಾರಿ ಕಡಿಮೆ. ಹಾಗಾದಾಗ ನಿಜವಾದ ಪರೀಕ್ಷೆ ನಡೆಯುವುದು ಲಸಿಕೆ ಬಳಕೆಗೆ ಬಂದ ಮೇಲೆ, ಅರಳಗೋಡಿನಂಥ ಊರುಗಳಲ್ಲಿ. ಯಾರಿಗೆ ಯಾವ ದಿನ ಯಾವ ಬ್ಯಾಚಿನ ಡೋಸು, ಆಮೇಲೆ ಜ್ವರ ಬಂತೇ, ಬಂದರೆ ಎಷ್ಟು ತೀವ್ರ ಎಂದು ಮನೆಮನೆಯ ದಾಖಲೆ ಇಟ್ಟು, ಪ್ರತಿ ವರ್ಷ ಲೆಕ್ಕ ಹಾಕುವ ಸ್ವತಂತ್ರ ತಂಡ ಬೇಕು. ಲಸಿಕೆ ಕೊಡುವ ಇಲಾಖೆಯೇ ಅದರ ಅಂಕವನ್ನೂ ಕೊಡುವಂತಾಗಬಾರದು. ಆ ತಂಡ ಇನ್ನೂ ಹುಟ್ಟಿಲ್ಲ. ಲಸಿಕೆಯ ಖರೀದಿಗೆ ಹಣ ಎತ್ತಿಡುವ ಬಜೆಟ್ಟಿನಲ್ಲೇ ಅದಕ್ಕೂ ಹತ್ತು ವರ್ಷದ ಹಣ ಎತ್ತಿಡಬೇಕು, ಮತ್ತು ಅದರ ವರದಿ ಪ್ರತಿ ಅಕ್ಟೋಬರಿನಲ್ಲಿ, ಉಣುಗಿನ ಕಾಲ ಶುರುವಾಗುವ ಮುಂಚೆ, ವಿಧಾನಮಂಡಲಕ್ಕೂ ಕಾಡಂಚಿನ ಪಂಚಾಯಿತಿಗಳಿಗೂ ಒಂದೇ ದಿನ ತಲುಪಬೇಕು.