ರೇಡಿಯೇಟರ್ ಇಲ್ಲದ ಕಾರಿಗೆ ಜ್ವರ ಬಂದಾಗ

ಬೇಸಿಗೆಯ ಒಂದು ಮಧ್ಯಾಹ್ನ. ವಾಣಿವಿಲಾಸ ಸಾಗರ ನೋಡಲು ನಾವು ಹೊರಟಿದ್ದ ಗೆಳೆಯರ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಹಿರಿಯೂರು ಬಳಿಯ ಬಬ್ಬೂರಿನಲ್ಲಿ ಏದುಸಿರು ಬಿಡತೊಡಗಿತು. ಎಳೆತ ಕುಗ್ಗಿತು, ಕಾದ ಎಣ್ಣೆಯ ವಾಸನೆ ಬಂತು. ಕೀಲಿ ತಿರುಗಿಸಿ ಆರಿಸಿದರೂ ಎಂಜಿನ್ ಎರಡು ಮೂರು ಸಲ ಗುಟುರು ಹಾಕಿಯೇ ನಿಂತಿತು.

ಹೊಲದಲ್ಲಿದ್ದ ರೈತರೊಬ್ಬರು ಕೊಡದಲ್ಲಿ ನೀರು ತಂದರು. 'ರೇಡಿಯೇಟರ್ ಎಲ್ಲೈತೆ ಸಾರ್?' ಎಂದರು. 'ಇದಕ್ಕೆ ರೇಡಿಯೇಟರ್ರೇ ಇಲ್ಲ' ಎಂದಾಗ, 'ಹಂಗಾರೆ ಎಂಜಿನ್ ಮೇಲೇ ಹುಯ್ಯಲಾ?' ಎಂದು ಕೊಡ ಎತ್ತಿದರು. ಪಿಯುಸಿ ಓದುತ್ತಿದ್ದ ಗೆಳೆಯರ ಮಗಳು, 'ಬೇಡಣ್ಣಾ, ಕಾದಿರೋ ಲೋಹ ಬಿರುಕು ಬಿಡುತ್ತೆ' ಎಂದು ತಡೆದಳು. ಅವಳು ಹೇಳಿದ್ದು ಸರಿ. ಒಂದು ಭಾಗ ಮಾತ್ರ ಥಟ್ಟನೆ ತಣಿದು ಕುಗ್ಗಿದರೆ ಲೋಹ ಸೀಳಬಹುದು.

ಬೀಟಲ್‌ನ ಎಂಜಿನ್ ಹಿಂಭಾಗದಲ್ಲಿದೆ. ಅದನ್ನು ತಣಿಸುವುದು ಗಾಳಿ ಮತ್ತು ಎಣ್ಣೆ. ಒಂದು ಫ್ಯಾನ್ ಗಾಳಿಯನ್ನು ಸೆಳೆದು ತಗಡಿನ ಹೊದಿಕೆಯ ಮೂಲಕ ಸಿಲಿಂಡರುಗಳ ರೆಕ್ಕೆಗಳ ಮೇಲೆ ತಳ್ಳುತ್ತದೆ. ಸುಮಾರು ಎರಡೂವರೆ ಲೀಟರ್ ಎಣ್ಣೆ ಒಳಗಿನ ಶಾಖವನ್ನು ಹೊತ್ತು ತರುತ್ತದೆ. ಹಾಗಾದರೆ ಜ್ವರದ ಮೂಲ ಎಲ್ಲಿ?

ಹುಡುಗಿ ಸುಲಭದ್ದರಿಂದ ಶುರು ಮಾಡಿದಳು. ಮೊದಲು ಬೆಲ್ಟ್. ಡೈನಮೊ, ಫ್ಯಾನ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ಹರಿದರೆ ಚಾರ್ಜಿಂಗ್‌ನ ಕೆಂಪು ದೀಪ ಹೊತ್ತುತ್ತದೆ. ಆಗ ಬ್ಯಾಟರಿ ಇದೆಯಲ್ಲ ಎಂದು ಮುಂದೆ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ದೀಪ ಹೊತ್ತಿರಲಿಲ್ಲ, ಬೆಲ್ಟ್ ಬಿಗಿಯಾಗಿಯೇ ಇತ್ತು. ಎರಡನೆಯದು ಎಣ್ಣೆ. ಅಳತೆ ಕಡ್ಡಿ ಎಳೆದು ನೋಡಿದರೆ ಗೆರೆಯವರೆಗೂ ಇತ್ತು. ಮೂರನೆಯದು ಗಾಳಿಯ ದಾರಿ. ಎಂಜಿನ್ ಆರಿದ ಮೇಲೆ ಫ್ಯಾನಿನ ಬಾಯಿಯತ್ತ ಕೈ ಹಾಕಿ ತಡಕಿದಳು. ಸಿಕ್ಕಿದ್ದು ಒರೆಸುವ ಬಟ್ಟೆ! ಬೆಳಿಗ್ಗೆ ಎಂಜಿನ್ ಒರೆಸಿದವರು ಒಳಗೇ ಮರೆತಿದ್ದರು. ಫ್ಯಾನ್ ಅದನ್ನು ಸೆಳೆದು ತನ್ನ ಬಾಯಿಗೇ ತುರುಕಿಕೊಂಡಿತ್ತು. ಮರೆತವರು ಬೇರೆ ಯಾರೂ ಅಲ್ಲ, ನಮ್ಮ ಗೆಳೆಯರೇ.

ಅಲ್ಲಿ ಏನೂ ಸಿಗದಿದ್ದರೆ ಮುಂದಿನ ಹೆಜ್ಜೆಗಳಿವೆ. ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಕಿತ್ತಿದ್ದರೆ ಕೆಳಗಿನ ಬಿಸಿಗಾಳಿಯೇ ಮತ್ತೆ ಒಳಗೆ ಬರುತ್ತದೆ. ಕಿಡಿ ಹಾರುವ ಹೊತ್ತು ತಪ್ಪಿದರೂ, ಗಾಳಿಯ ಪ್ರಮಾಣಕ್ಕೆ ಪೆಟ್ರೋಲ್ ಕಡಿಮೆಯಾದರೂ ಎಂಜಿನ್ ಕಾಯುತ್ತದೆ. ಇವು ಮೆಕ್ಯಾನಿಕ್‌ನ ಕೆಲಸ. 1960ರ ದಶಕದ ಬೀಟಲ್‌ಗಳಲ್ಲಿ ಎಣ್ಣೆ ತಣಿಸುವ ಕೂಲರ್ ಗಾಳಿಯ ದಾರಿಗೇ ಅಡ್ಡ ನಿಂತಿತ್ತು. ಅದರ ಹಿಂದಿನ ಮೂರನೆಯ ಸಿಲಿಂಡರ್ ಉಳಿದವುಗಳಿಗಿಂತ ಹೆಚ್ಚು ಕಾಯುತ್ತಿದ್ದುದು ಇದರಿಂದಲೇ.

2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಹಳೆಯ ಬೀಟಲ್ ತಯಾರಾಗುವ ಹೊತ್ತಿಗೆ ಅವುಗಳ ಸಂಖ್ಯೆ ಎರಡು ಕೋಟಿ ದಾಟಿತ್ತು. ನಮ್ಮಲ್ಲಿ ಆ ಕಾರು ಅಪರೂಪ. ಆದರೆ ಗಾಳಿಯಿಂದ ತಣಿಯುವ ಎಂಜಿನ್ ಅಪರೂಪವಲ್ಲ. ಮನೆಯಲ್ಲಿ ಹಳೆಯ ಬುಲೆಟ್ ಇದ್ದರೆ, ಅದು ತಣ್ಣಗಿರುವಾಗ ರೆಕ್ಕೆಗಳ ಸಂದಿ ನೋಡಿ. ಅಲ್ಲಿ ಕಟ್ಟಿದ ಕೆಸರೂ ಆ ಬಟ್ಟೆಯ ಕೆಲಸವನ್ನೇ ಮಾಡುತ್ತದೆ.

ತಂದೆತಾಯಂದಿರಿಗೆ ಒಂದು ಮಾತು. ಅಂದು ಗೆಳೆಯರು 'ನಿನಗೇನು ಗೊತ್ತು, ಸುಮ್ಮನಿರು' ಎಂದು ಮಗಳನ್ನು ಗದರಿದ್ದರೆ ಕೊಡದ ನೀರು ಎಂಜಿನ್ ಮೇಲೆ ಬೀಳುತ್ತಿತ್ತು. ಅವರು ಗದರಲಿಲ್ಲ. ನೀರನ್ನು ನಾವೇ ಕುಡಿದೆವು. ಮುಕ್ಕಾಲು ಗಂಟೆ ಮರದ ನೆರಳಲ್ಲಿ ಕೂತು, ಸಂಜೆಯೊಳಗೆ ಅಣೆಕಟ್ಟೆ ಮುಟ್ಟಿದೆವು.